ಎಣ್ಣೆ ಮುಟ್ಟಬಾರದ ಕೆಲಸ

ಪ್ಲಾಸ್ಟಿಕ್ಕಿಗೂ ಪಿಂಗಾಣಿಗೂ ಲೋಹ ಹಿಡಿಸುವ ಕಾರ್ಖಾನೆಗಳಿಗೆ ಈಗ ಸೇರುವ ಹುಡುಗ ಹುಡುಗಿಯರು ಬಿಳಿ ಕೋಟು, ತೆಳುವಾದ ಗ್ಲೋವ್ಸು, ಕೂದಲು ಕಾಣದ ಹಾಗೆ ಟೋಪಿ ಹಾಕಿಕೊಂಡು ಕೆಲಸ ಮಾಡುತ್ತಾರೆ. ನಮ್ಮ ನೆಂಟರ ಪೈಕಿ ಹುಡುಗಿಯೊಬ್ಬಳು ಅಂಥ ಕಡೆ ಕೆಲಸ ಸಿಕ್ಕಿದ ಸಂತೋಷದಲ್ಲಿ ನನ್ನನ್ನು ನೋಡಲು ಬಂದಳು. "ದೊಡ್ಡಮ್ಮ, ನಿಮ್ಮ ಕಾಲದಲ್ಲಿ ಹೇಗಿತ್ತು ಈ ಕೆಲಸ?" ಎಂದು ಕೇಳಿದಳು. "ಚೆನ್ನಾಗಿತ್ತಮ್ಮ" ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಆ ಉತ್ತರ ನನಗೇ ಸರಿಹೋಗಲಿಲ್ಲ. ಕೆಲಸ ಚೆನ್ನಾಗಿತ್ತು, ನಿಜ. ಆದರೆ ಮೊದಲ ಕೆಲವು ವರ್ಷ ನಾನು ಆ ಕೆಲಸದ ಹೆಸರು ಹೇಳಲು ನಾಚಿಕೆಪಟ್ಟಿದ್ದೂ ಅಷ್ಟೇ ನಿಜ. ಅದನ್ನು ಬಿಟ್ಟು ಮಿಕ್ಕಿದ್ದನ್ನು ಹೇಳಿದರೆ ಅದು ಯಾರಿಗೂ ಉಪಯೋಗವಿಲ್ಲ.

ನನ್ನೂರು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ. ಅಪ್ಪನಿಗೆ ಒಂದು ತೆಂಗಿನ ತೋಟ, ನಾಲೆ ನೀರು ಬಂದರೆ ಬೆಳೆಯುವ ಸ್ವಲ್ಪ ಗದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿದೆ. ಮಗಳು ಟೀಚರಾಗಬೇಕು ಎನ್ನುವುದು ಅಪ್ಪನ ಆಸೆ. ಬಿ.ಎಡ್. ಸೀಟು ಸಿಗಲಿಲ್ಲ. ಕಿಬ್ಬನಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಚನ್ನಬಸಪ್ಪ ಎನ್ನುವವರು ತಮ್ಮ ತಂದೆಯ ಕಾಲದ ಕೊಬ್ಬರಿ ಗೋದಾಮನ್ನು ಖಾಲಿ ಮಾಡಿಸಿ, ಲೋಹ ಲೇಪಿಸುವ ಪ್ಲೇಟಿಂಗ್ ಶೆಡ್ಡು ಹಾಕಿದ್ದರು. ಕೆಮಿಸ್ಟ್ರಿ ಓದಿದವರು ಬೇಕು ಎಂದು ನಮ್ಮ ಮೇಷ್ಟ್ರ ಮೂಲಕ ತಿಳಿಯಿತು. "ಟೀಚರ್ ಕೆಲ್ಸ ಸಿಗೋ ತನ್ಕ ಹೋಗ್ಬರ್ಲಿ ಬುಡು" ಎಂದು ಅಪ್ಪ ಒಪ್ಪಿದರು.

ಶೆಡ್ಡಿನ ಮುಖ್ಯಸ್ಥರು ಶೇಷಗಿರಿ. ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ, ಅಲ್ಲಿ ಮೇಲಿನವರೊಂದಿಗೆ ಜಗಳವಾಡಿಕೊಂಡು ಬಂದವರು. ತೆಳ್ಳಗೆ, ಎತ್ತರಕ್ಕೆ, ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ. ಅವರು ನನಗೆ ಕಲಿಸಿದ ಮೊದಲ ಪಾಠ ಇದು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಮಾಮೂಲಿ ರೀತಿಯಲ್ಲಿ ಅದಕ್ಕೆ ಲೋಹ ಲೇಪಿಸಲು ಆಗುವುದಿಲ್ಲ. ಮೊದಲು ಕ್ರೋಮಿಕ್ ಆಸಿಡ್ಡಿನಲ್ಲಿ ಅದ್ದಿ ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡಬೇಕು. ಆಮೇಲೆ ತವರದ ಉಪ್ಪಿನ ನೀರು, ಆಮೇಲೆ ಬೆಳ್ಳಿಯ ಉಪ್ಪಿನ ನೀರು. ಆ ಬೆಳ್ಳಿಯ ಕಣಗಳು ಅಲ್ಲಲ್ಲಿ ಕೂತಿರುತ್ತವೆ. ಅನಂತರ ತಾಮ್ರದ ದ್ರಾವಣಕ್ಕೆ ಇಳಿಬಿಟ್ಟರೆ ಯಾವ ಕರೆಂಟಿನ ಹಂಗೂ ಇಲ್ಲದೆ ತಾಮ್ರ ತಾನಾಗಿ ಬಂದು ಆ ಕಣಗಳ ಸುತ್ತ ಕಟ್ಟಿಕೊಳ್ಳುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಮ್ಮೆ ತಾಮ್ರ ಹಿಡಿದರೆ ಅದರ ಮೇಲೆ ನಿಕ್ಕಲ್, ಕ್ರೋಮ್, ಏನು ಬೇಕಾದರೂ ಏರಿಸಬಹುದು. ನಾವು ಮಾಡುತ್ತಿದ್ದುದು ರೇಡಿಯೋದ ಗುಂಡಿಗಳು. ಜನ ತಿರುಗಿಸುವ ಹೊಳೆಯುವ ಗುಂಡಿ ಸ್ಟೀಲಿನದು ಅಂದುಕೊಳ್ಳುತ್ತಾರಲ್ಲ, ಅದು ಒಳಗೆ ಪ್ಲಾಸ್ಟಿಕ್.

ಬಿಳಿಯ ಗುಂಡಿ ತೊಟ್ಟಿಯೊಳಗೆ ಮೊದಲು ಕಂದಾಗಿ, ಆಮೇಲೆ ನಸುಗೆಂಪಾಗಿ, ನೋಡನೋಡುತ್ತಿದ್ದಂತೆ ಹೊಸ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿದ್ದನ್ನು ಮೊದಲ ಸಲ ಕಂಡಾಗ ನಾನು ಕೈ ತಟ್ಟಿಬಿಟ್ಟಿದ್ದೆ. ಶೇಷಗಿರಿ ನಗಲಿಲ್ಲ. "ಹಿಡಿದಿದ್ದು ನೋಡಿ ಸಂತೋಷಪಡಬೇಡಿ. ಕಿತ್ತು ನೋಡಿ, ಕೀಳದಿದ್ದರೆ ಸಂತೋಷಪಡಿ" ಎಂದರು.

ಆ ಸಂತೋಷಕ್ಕೆ ಒಂದು ತೆರಿಗೆ ಇತ್ತು. ಬೆಳ್ಳಿಯ ಉಪ್ಪು ಚರ್ಮಕ್ಕೆ ತಾಗಿದಾಗ ಏನೂ ಗೊತ್ತಾಗುವುದಿಲ್ಲ. ಬಿಸಿಲಿಗೆ ಬಂದ ಮೇಲೆ ಅಲ್ಲೆಲ್ಲ ಕಪ್ಪಾಗುತ್ತದೆ. ಸೋಪಿಗೂ ಹೋಗುವುದಿಲ್ಲ, ಹುಣಿಸೆಹಣ್ಣಿಗೂ ಹೋಗುವುದಿಲ್ಲ. ಆ ಚರ್ಮವೇ ಸುಲಿದು ಹೊಸ ಚರ್ಮ ಬರಬೇಕು. ಅಷ್ಟರಲ್ಲಿ ಹೊಸ ಕಲೆ ಸೇರಿರುತ್ತದೆ. ನನ್ನ ಹತ್ತು ಬೆರಳ ತುದಿಯೂ ಅಡಿಗೆ ಮನೆಯ ಇದ್ದಿಲಿನ ಹಾಗಾದವು. ಬಸ್ಸಿನಲ್ಲಿ ಚೀಟಿ ತೆಗೆದುಕೊಳ್ಳುವಾಗ ಕಂಡಕ್ಟರು ಬೆರಳು ತಾಗದ ಹಾಗೆ ಚೀಟಿಯನ್ನು ಅಂಗೈಗೆ ಬೀಳಿಸುತ್ತಿದ್ದ. ಮದುವೆಮನೆಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ನನ್ನ ಕೈಗೆ ಬರುವ ಹೊತ್ತಿಗೆ ಯಾರಾದರೂ "ನೀನು ಬಿಡಮ್ಮ, ನಾನು ಕೊಡ್ತೀನಿ" ಎಂದು ಎತ್ತಿಕೊಂಡು ಹೋಗುತ್ತಿದ್ದರು. ನಾನು ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡೆ.

ಗ್ಲೋವ್ಸು ಇರಲಿಲ್ಲವೇ ಎಂದು ಕೇಳಬಹುದು. ಆಸಿಡ್ ತೊಟ್ಟಿಯ ಹತ್ತಿರ ಮಾತ್ರ ಇತ್ತು. ದಪ್ಪ ರಬ್ಬರಿನದು. ಅದನ್ನು ಹಾಕಿಕೊಂಡು ಸಣ್ಣ ಗುಂಡಿಗಳನ್ನು ತಂತಿಗೆ ಪೋಣಿಸಲು ಆಗುತ್ತಿರಲಿಲ್ಲ.

ಚನ್ನಬಸಪ್ಪನವರ ವಿಷಯವನ್ನೂ ಹೇಳಬೇಕು. ಒಳ್ಳೆಯ ಮನುಷ್ಯ, ಆದರೆ ಅವಸರ ಹೆಚ್ಚು. ಒಂದು ಸಲ ಶೇಷಗಿರಿ ಊರಿನಲ್ಲಿ ಇಲ್ಲದಾಗ, ತಾಮ್ರದ ದ್ರಾವಣ ಬಿಸಿ ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂದು ತಾವೇ ಸೀಮೆಣ್ಣೆ ಸ್ಟೋವ್ ಹಚ್ಚಿದರು. ದ್ರಾವಣ ಕೆಟ್ಟಿತು. ಅದಕ್ಕೆ ಗುಂಡಿ ಯಾವುದು, ತೊಟ್ಟಿ ಯಾವುದು ಎನ್ನುವ ಭೇದವೇ ಉಳಿಯಲಿಲ್ಲ. ತೊಟ್ಟಿಯ ತಳ, ಗೋಡೆ, ಕಲಕುವ ಕೋಲು, ಎಲ್ಲದಕ್ಕೂ ತಾಮ್ರ ಹತ್ತಿ ನೀರು ಮಾತ್ರ ತಿಳಿಯಾಗಿ ಉಳಿಯಿತು. "ಇದೇನಮ್ಮ ವಿಶಾಲಾಕ್ಷಿ, ಗುಂಡಿ ಬದ್ಲು ತೊಟ್ಟೀನೇ ಬೆಂಗಳೂರಿಗೆ ಕಳ್ಸೋ ಹಂಗಾಯ್ತಲ್ಲ!" ಎಂದು ಅವರೇ ನಕ್ಕರು. ನಾನೂ ನಕ್ಕೆ. ಶೇಷಗಿರಿ ಬಂದು ನೋಡಿ, ತೋಳು ಮಡಿಚಿ ತೊಟ್ಟಿ ತಿಕ್ಕಲು ಕೂತರು. ಆಗ ನಮ್ಮ ನಗು ನಿಂತಿತು.

ಚನ್ನಬಸಪ್ಪನವರ ಇನ್ನೊಂದು ಆಲೋಚನೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ತೆಂಗಿನಕಾಯಿ. ಕಳಶದ ಮೇಲೆ ಇಡುವುದಕ್ಕೆ. "ಕೊಳೆಯಲ್ಲ, ಒಣಗಲ್ಲ, ವರ್ಷಾನುಗಟ್ಲೆ ಇರ್ತದೆ. ಪಟ್ಟಣದೋರು ಮುಗಿಬಿದ್ದು ತಗೋತಾರೆ" ಎಂದರು. ಅಚ್ಚು ಮಾಡಿಸಿ, ಜುಟ್ಟು ಸಮೇತ ಕಾಯಿಗಳನ್ನು ತರಿಸಿದರು. ನಾವು ಅದಕ್ಕೆ ತಾಮ್ರ ಹಿಡಿಸಿ ಮೇಲೆ ಬೆಳ್ಳಿ ಏರಿಸಿದೆವು. ನೋಡಲು ಬಹಳ ಚೆನ್ನಾಗಿತ್ತು. ಆಯುಧಪೂಜೆಯ ದಿನ ಮೊದಲ ಕಾಯಿಯನ್ನು ತಾಯಿಯ ಕೈಯಲ್ಲಿ ಇಟ್ಟು ನಮಸ್ಕಾರ ಮಾಡಿದರು. ಆಕೆಗೆ ಎಂಬತ್ತರ ಹತ್ತಿರ, ದೃಷ್ಟಿ ಮಂದ. ಕೈಗೆ ಕಾಯಿ ಬಂದದ್ದೇ ತಡ, ಕಾಯಿ ಒಡೆಯಲು ಬಾಗಿಲಲ್ಲಿ ಇಟ್ಟಿದ್ದ ಕಲ್ಲಿಗೆ ಎತ್ತಿ ಅಪ್ಪಳಿಸಿದರು. ಕಾಯಿ ಪುಟಿದು ಮೋರಿಯ ಕಡೆ ಉರುಳಿತು. ಎತ್ತಿ ತಂದು ಕೊಟ್ಟರೆ ಮತ್ತೆ ಅಪ್ಪಳಿಸಿದರು. ಈ ಸಲ ಬೆಳ್ಳಿಯ ಸಿಪ್ಪೆ ಎದ್ದು ಬಂದು ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣಿಸಿತು. ಆಕೆ ಬೆರಳಾಡಿಸಿ ನೋಡಿದರು.

"ಏನ್ಲಾ ಚನ್ನ ಇದು?"

"ಪ್ಲಾಸ್ಟಿಕ್ ಕಾಯಿ ಕಣವ್ವ. ಒಡೆಯಕ್ಕಲ್ಲ, ಇಡಕ್ಕೆ."

"ಸುತ್ತಾ ತೆಂಗಿನ ತೋಟ ಮಡೀಕೊಂಡು ದೇವ್ರಿಗೆ ಸುಳ್ಳುಕಾಯಿ ಇಡ್ತೀಯೇನ್ಲಾ? ನಿಮ್ಮಪ್ಪ ಇದೇ ಜಾಗ್ದಲ್ಲಿ ಕೊಬ್ರಿ ತೂಗ್ತಿದ್ದ."

ನಾವೆಲ್ಲ ಅಲ್ಲೇ ನಿಂತಿದ್ದೆವು. ಚನ್ನಬಸಪ್ಪನವರ ಕಿವಿ ಕೆಂಪಾದವು. ಉಳಿದ ಕಾಯಿಗಳನ್ನು ಏನು ಮಾಡಿದರೋ ಗೊತ್ತಿಲ್ಲ, ನಾವು ಮತ್ತೆ ನೋಡಲಿಲ್ಲ. ನನಗಾದ ನಾಚಿಕೆ ಬೇರೆಯದು. ಸುಳ್ಳುಕಾಯಿ ಎಂಬ ಮಾತಿಗಿಂತ, ನಾವು ಹಿಡಿಸಿದ ಬೆಳ್ಳಿ ಎರಡೇ ಏಟಿಗೆ ಎದ್ದು ಬಂತಲ್ಲ ಎಂದು. ಶೇಷಗಿರಿಯವರೂ ಆ ಸಿಪ್ಪೆಯನ್ನೇ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

ಎಂಬತ್ತರ ದಶಕ ಶುರುವಾದ ಮೇಲೆ ಗುಂಡಿಗಳ ಕೆಲಸ ಕಡಿಮೆಯಾಯಿತು. ಶೆಡ್ಡು ಉಳಿಯಬೇಕಾದರೆ ಬೇರೆ ಕೆಲಸ ಬೇಕು. ಶೇಷಗಿರಿ ಹಳೆಯ ಪರಿಚಯ ಹಿಡಿದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಿಂದ ಪಿಂಗಾಣಿ ಬಿಲ್ಲೆಗಳ ಕೆಲಸ ತಂದರು. ಕೋಟಿನ ಗುಂಡಿಯಷ್ಟು ದೊಡ್ಡ ಬಿಳಿ ಬಿಲ್ಲೆ. ಅದಕ್ಕೆ ನಿಕ್ಕಲ್ ಹಿಡಿಸಬೇಕು, ಅದರ ಮೇಲೆ ಅವರು ತಂತಿ ಬೆಸೆಯುತ್ತಾರೆ. ತಂತಿ ಎಳೆದರೆ ಪಿಂಗಾಣಿ ಮುರಿಯಬಹುದು, ನಿಕ್ಕಲ್ ಏಳಬಾರದು. ಅಷ್ಟು ಗಟ್ಟಿ ಬೇಕು.

ಪಿಂಗಾಣಿ ಪ್ಲಾಸ್ಟಿಕ್ಕಿಗಿಂತ ಮೊಂಡು. ಗಾಜನ್ನೇ ತಿನ್ನುವ ಆಸಿಡ್ಡಿನಲ್ಲಿ ಅದರ ಮೈ ಕೆರೆಸಬೇಕು. ಬೆಳ್ಳಿಯ ಬದಲು ಪಲ್ಲೇಡಿಯಂ ಎಂಬ ದುಬಾರಿ ಲೋಹದ ಉಪ್ಪು ಬಳಸಬೇಕು. ಒಂದೊಂದು ಹಂತ ಆದ ಮೇಲೂ ಶೇಷಗಿರಿ ಬಿಲ್ಲೆಯನ್ನು ನೀರಿನಲ್ಲಿ ಅದ್ದಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ನೀರು ಹಾಳೆಯ ಹಾಗೆ ಪೂರ್ತಿ ಹರಡಿ ನಿಂತರೆ ಶುದ್ಧ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಕಟ್ಟಿದರೆ ಅಲ್ಲಿ ಜಿಡ್ಡಿದೆ ಎಂದರ್ಥ. ಈಗಲೂ ಈ ಕೆಲಸಕ್ಕೆ ಬರುವವರು ಯಂತ್ರ ನಂಬುವ ಮೊದಲು ಈ ನೀರನ್ನು ನಂಬಬೇಕು.

ಮೊದಲ ಕಂತಿನ ಬಿಲ್ಲೆಗಳು ವಾಪಸು ಬಂದವು. ಅವುಗಳ ಜೊತೆ ಆ ಕಾರ್ಖಾನೆಯ ಅಧಿಕಾರಿಯೊಬ್ಬರೂ ಬಂದರು. ಮೇಜಿನ ಮೇಲೆ ಒಂದು ಬಿಲ್ಲೆ ಇಟ್ಟು ಭೂತಗನ್ನಡಿ ಕೊಟ್ಟರು. "ಎಲ್ಲರೂ ನೋಡಿ" ಎಂದರು. ನಾವು ಒಬ್ಬೊಬ್ಬರೇ ಬಗ್ಗಿ ನೋಡಿದೆವು. ಬೂದು ನಿಕ್ಕಲ್ಲಿನ ನಡುವೆ ಒಂದು ಕಡೆ ಬರಿ ಪಿಂಗಾಣಿ ಬೆಳ್ಳಗೆ ಉಳಿದಿತ್ತು. ಅದು ಸುತ್ತು ಸುತ್ತಾಗಿತ್ತು. ಒಂದು ಹೆಬ್ಬೆಟ್ಟಿನ ಗುರುತು.

ಶೇಷಗಿರಿ ಆಫೀಸಿನಿಂದ ಸ್ಟಾಂಪ್ ಪ್ಯಾಡ್ ತಂದು, ಬಿಲ್ಲೆ ಮುಟ್ಟುವವರೆಲ್ಲ ಹೆಬ್ಬೆಟ್ಟು ಒತ್ತಿ ಎಂದರು. ಪೋಣಿಸುವ ಕೆಲಸಕ್ಕೆ ನಾಲ್ಕು ಜನ ಹೆಂಗಸರಿದ್ದರು. ಅವರಲ್ಲಿ ಹಿರಿಯಳು ರುದ್ರಮ್ಮ. ಅವಳು "ನಾವೇನ್ ಕಳ್ಳರಾ ಸಾಮಿ?" ಎಂದು ಗೊಣಗಿದಳು, ಆದರೂ ಒತ್ತಿದಳು. ಕೊನೆಗೆ ನಾನು ಒತ್ತಿದೆ. ಅಧಿಕಾರಿ ಕಾಗದವನ್ನೂ ಬಿಲ್ಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನನ್ನ ಹೆಬ್ಬೆಟ್ಟಿನ ಮಧ್ಯೆ ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ ಅಡ್ಡ ಗಾಯದ ಗುರುತಿದೆ. ಬಿಲ್ಲೆಯಲ್ಲೂ ಇತ್ತು.

"ಬಿ.ಎಸ್ಸಿ. ಓದಿರೋರು ಇವರೇ ಅಲ್ವಾ?" ಎಂದು ಕೇಳಿದರು. ನನ್ನನ್ನಲ್ಲ, ಶೇಷಗಿರಿಯವರನ್ನು.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಜಡೆ ಹೆಣೆದು ಬರುತ್ತಿದ್ದೆ. ನಮ್ಮ ಸೀಮೆಯಲ್ಲಿ ಯಾವ ಹೆಂಗಸು ಹಾಗೆ ಮಾಡುವುದಿಲ್ಲ? ಶೆಡ್ಡಿನ ಸೆಕೆಗೆ ಹಣೆಯ ಮೇಲೆ ಕೂದಲು ಅಂಟಿದಾಗ ಕೈಯಿಂದ ಹಿಂದಕ್ಕೆ ಸರಿಸುತ್ತಿದ್ದೆ. ಅದೇ ಕೈಯಲ್ಲಿ, ಆಸಿಡ್ಡಿನಲ್ಲಿ ಶುದ್ಧವಾದ ಬಿಲ್ಲೆಯನ್ನು ಎತ್ತಿ ತಂತಿಗೆ ಸಿಕ್ಕಿಸುತ್ತಿದ್ದೆ. ಎಣ್ಣೆ ಇದ್ದಲ್ಲಿ ನಿಕ್ಕಲ್ ಕೂರುವುದಿಲ್ಲ. ಅಧಿಕಾರಿ ಏಳುವಾಗ "ನಿಮ್ಮೂರ ಕೊಬ್ಬರಿ ಎಣ್ಣೆ ಬಹಳ ಗಟ್ಟಿ ಸ್ವಾಮಿ" ಎಂದು ನಕ್ಕರು. ಇನ್ನೊಂದೇ ಒಂದು ಕಂತು ನೋಡುತ್ತೇವೆ, ಅದೂ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಹೇಳಿ ಹೋದರು. ನಾನು ಭೂತಗನ್ನಡಿಯನ್ನು ಎತ್ತಿಡುವ ನೆಪದಲ್ಲಿ ಒಳಗೆ ಹೋದೆ. ಸಂಜೆ ಎಲ್ಲರೂ ಹೊರಟ ಮೇಲೆಯೇ ಹೊರಗೆ ಬಂದೆ.

ಶೇಷಗಿರಿ ನನ್ನನ್ನು ಬೈಯಲಿಲ್ಲ. ಮಾರನೆಯ ದಿನ ಇಕ್ಕಳಗಳು ಬಂದವು, ತಲೆಗೆ ಕಟ್ಟಲು ಬಟ್ಟೆ ಬಂತು. ಜೊತೆಗೆ ಒಂದು ನಿಯಮವೂ ಬಂತು. ಬಿಲ್ಲೆಯ ಕೆಲಸ ಮಾಡುವವರು ತಲೆಗೆ ಎಣ್ಣೆ ಹಚ್ಚಬಾರದು. ಬೆವರಿನ ಜೊತೆ ಎಣ್ಣೆ ಹಣೆಗೆ, ಹಣೆಯಿಂದ ಕೈಗೆ ಇಳಿಯುತ್ತದೆ ಎಂದು ವಿವರಿಸಿದರು. ರುದ್ರಮ್ಮ ಎದ್ದು ನಿಂತಳು.

"ಎಣ್ಣೆ ಇಲ್ದಿರೋ ತಲೇಲಿ ಮುತ್ತೈದೆ ಬೀದೀಲಿ ಓಡಾಡಿದ್ರೆ ಏನಂತಾರೆ ಗೊತ್ತಾ ಸಾಮಿ? ಮನೇಲಿ ಹೆಣ ಬಿದ್ದೈತೆ ಅಂತಾರೆ."

"ಕೆಲಸ ಬೇಕು ಅಂದ್ರೆ..." ಎಂದು ಶೇಷಗಿರಿ ಶುರು ಮಾಡಿದರು.

"ಬ್ಯಾಡ ಬುಡಿ" ಎಂದು ಅವಳು ಬುತ್ತಿ ಚೀಲ ಎತ್ತಿಕೊಂಡು ಹೊರಟೇಹೋದಳು. ಉಳಿದ ಮೂವರು ನನ್ನ ಮುಖ ನೋಡಿದರು. ಹೆಬ್ಬೆಟ್ಟು ನನ್ನದು. ನಾನು ಸೀಗೆಕಾಯಿ ಹಾಕಿ ತಲೆ ತೊಳೆದುಕೊಂಡು, ಒಣ ಕೂದಲಿನಲ್ಲಿ ಮೊದಲು ಬಂದೆ.

ರುದ್ರಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ತುರುವೇಕೆರೆಯಲ್ಲಿ ಬಸ್ ಬದಲಾಯಿಸುವಾಗ ನಮ್ಮೂರ ಹೆಂಗಸೊಬ್ಬಳು ನನ್ನ ತಲೆ ನೋಡಿ ಹತ್ತಿರ ಬಂದಳು. "ಯಾಕವ್ವಾ ವಿಶಾಲು, ಯಾರೋದ್ರು?" ಎಂದು ಕೈ ಹಿಡಿದಳು. ಹಿಡಿದವಳು ಬೆರಳು ನೋಡಿ ಕೈ ಬಿಟ್ಟಳು. ರೇಡಿಯೋ ಗುಂಡಿಯ ಕೆಲಸವೂ ಸ್ವಲ್ಪ ನಡೆಯುತ್ತಿದ್ದುದರಿಂದ ಬೆಳ್ಳಿಯ ಕಲೆ ಹಾಗೇ ಇತ್ತು. "ಯಾರೂ ಇಲ್ಲ, ತಲೆಗೆ ನೀರು ಹಾಕ್ಕೊಂಡೆ" ಎಂದೆ. ದಿನವೂ ಯಾರಿಗಾದರೂ ಅದನ್ನೇ ಹೇಳಬೇಕಾಯಿತು.

ಈ ಗಡಿಬಿಡಿಯ ನಡುವೆಯೇ ಹುಳಿಯಾರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಅಲ್ಲಿ ಬಟ್ಟೆ ಅಂಗಡಿ. ಅವರು ಭಾನುವಾರ ನೋಡಲು ಬರುವುದೆಂದೂ, ಶೆಡ್ಡಿನಲ್ಲಿ ಸೋಮವಾರ ಎರಡನೇ ಕಂತು ಹಾಕುವುದೆಂದೂ ಗೊತ್ತಾಯಿತು. ಅಮ್ಮ ಎಣ್ಣೆಯ ಬಟ್ಟಲು ಹಿಡಿದುಕೊಂಡು ಬಂದರು.

"ಒಂದಿನ ಎಣ್ಣೆ ಹಚ್ಚಿದ್ರೆ ನಿನ್ ಫ್ಯಾಕ್ಟ್ರಿ ಮುಳುಗೋಗ್ತದೇನೇ?"

"ಮುಳುಗ್ತದೆ ಕಣಮ್ಮ."

ಅಮ್ಮ ಬಟ್ಟಲನ್ನು ಅಲ್ಲೇ ಕುಕ್ಕಿ ಒಳಗೆ ಹೋದರು. ನಾನು ಒಣ ತಲೆಗೆ ಮಲ್ಲಿಗೆ ಮುಡಿದುಕೊಂಡು, ಕಾಫಿಯ ತಟ್ಟೆ ಹಿಡಿದು ನಡುಮನೆಗೆ ಬಂದೆ. ತಟ್ಟೆಯನ್ನು ಸೆರಗಿನೊಳಗೆ ಹಿಡಿಯಲು ಬರುವುದಿಲ್ಲವಲ್ಲ. ಹುಡುಗನ ಸೋದರತ್ತೆ ಲೋಟ ತೆಗೆದುಕೊಳ್ಳಲು ಕೈ ಚಾಚಿದವರು ಹಾಗೇ ನಿಂತರು.

"ಇದೇನು ಬೆರಳು ಹಿಂಗವೆ? ಏನಾದ್ರೂ ಕಾಯ್ಲೆನಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು. "ಛೆ ಛೆ, ಕಾಯ್ಲೆ ಎಂತದ್ದು! ಸ್ಕೂಲಲ್ಲಿ ಇಂಕಿನ ಬಾಟ್ಲು ಚೆಲ್ಲಿ ಹಂಗಾಗೈತೆ ಕಣ್ರೀ. ಪರೀಕ್ಷೆ ಟೈಮು ನೋಡಿ."

ಯಾವ ಸ್ಕೂಲು? ನಾನು ಅಪ್ಪನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಕಂಬದ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಇವರಿಗೆ ಮಾತ್ರವಲ್ಲ, ಊರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದಾರೆ ಎಂದು ಆ ಕ್ಷಣಕ್ಕೆ ಅರ್ಥವಾಯಿತು. ನಾನು ನನ್ನ ಕೆಲಸಕ್ಕೆ ನಾಚುತ್ತಿದ್ದೇನೆ ಎಂದುಕೊಂಡಿದ್ದೆ. ನನಗಿಂತ ಮೊದಲೇ ಅಪ್ಪ ನಾಚಿದ್ದರು.

ಹುಡುಗ ಸಂಕೋಚದಿಂದ ಕೇಳಿದ, "ಯಾವ ಕ್ಲಾಸಿಗೆ ತಗೋತೀರಿ?"

"ಎಂಟನೇ ಕ್ಲಾಸಿಗೆ. ವಿಜ್ಞಾನ" ಎಂದೆ.

ಅಷ್ಟು ಸರಾಗವಾಗಿ ಅದು ನನ್ನ ಬಾಯಿಂದ ಬಂದದ್ದು ಈಗ ನೆನೆದರೂ ಮೈ ಜುಂ ಎನ್ನುತ್ತದೆ. ಅತ್ತೆಯ ಮುಖ ಸಡಿಲವಾಯಿತು, ಲೋಟ ತೆಗೆದುಕೊಂಡರು. ಹೋಗುವಾಗ "ಟೀಚರ್ ಹುಡ್ಗಿ, ಮನೆಗೆ ಒಳ್ಳೇದು" ಎಂದು ಅಮ್ಮನ ಹತ್ತಿರ ಹೇಳಿ ಹೋದರು. ಮೂರನೆಯವರ ಕೈಯಲ್ಲಿ ಒಪ್ಪಿಗೆಯ ಮಾತೂ ಬಂತು. ಅಪ್ಪನೂ ನಾನೂ ಆ ವಿಷಯ ಎತ್ತಲೇ ಇಲ್ಲ. ಬಿ.ಎಡ್. ಸೀಟು ಇನ್ನೊಂದು ಸಲ ಪ್ರಯತ್ನಿಸಿದರಾಯಿತು, ಮದುವೆಯ ಹೊತ್ತಿಗೆ ನಿಜವೇ ಆಗಿಬಿಡಬಹುದು ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ. ಅಪ್ಪನೂ ಅದನ್ನೇ ಹಾಕಿರಬೇಕು.

ಸೋಮವಾರದ ಕಂತಿನಲ್ಲಿ ಒಂದು ಬಿಲ್ಲೆಯನ್ನೂ ಯಾರ ಬೆರಳೂ ಮುಟ್ಟಲಿಲ್ಲ. ಶೇಷಗಿರಿ ಒಂದಕ್ಕೆ ತಂತಿ ಬೆಸೆದು, ಬಿಲ್ಲೆಯನ್ನು ಗೋಡೆಯ ಕೊಂಡಿಗೆ ಬಿಗಿದು, ತಂತಿಯ ತುದಿಯನ್ನು ನನ್ನ ಕೈಗೆ ಕೊಟ್ಟರು. "ಎಳೀರಿ." ಎಳೆದೆ. "ಇನ್ನೂ ಜೋರಾಗಿ." ಗೋಡೆಗೆ ಕಾಲು ಕೊಟ್ಟು ಎಳೆದೆ. ಪಿಂಗಾಣಿ ಟಪ್ ಎಂದು ಎರಡು ಹೋಳಾಯಿತು. ನಿಕ್ಕಲ್ ಅಲ್ಲೇ ಇತ್ತು. ಶೇಷಗಿರಿ ಮೊದಲ ಸಲ ನಕ್ಕಿದ್ದನ್ನು ನಾನು ಕಂಡದ್ದು ಆಗ. ಆ ಕಾರ್ಖಾನೆಯ ಕೆಲಸ ನಮಗೇ ಉಳಿಯಿತು. ನನಗೆ ಅಂದು ಎಷ್ಟು ಸಂತೋಷವಾಯಿತೆಂದರೆ, ಸಂಜೆ ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಹೇಳಿಬಿಡೋಣ ಅನ್ನಿಸಿತ್ತು. ಯಾರೂ ಕೇಳಲಿಲ್ಲ.

ಬೇಸಿಗೆ ರಜ ಮುಗಿದು ಶಾಲೆಗಳು ಶುರುವಾಗುವ ಹೊತ್ತಿಗೆ ನಮ್ಮೂರ ನಿಂಗಣ್ಣ ಬಸ್ಸಿನಲ್ಲಿ ಸಿಕ್ಕಿದ. ಅಪ್ಪನ ಜೊತೆ ಕಟ್ಟೆಯ ಮೇಲೆ ಕೂರುವವನು. ಜೊತೆಯಲ್ಲಿ ಮಗಳಿದ್ದಳು.

"ಟೀಚರಮ್ಮ, ನಿಮ್ಮನ್ನೇ ನಂಬ್ಕೊಂಡ್ ಬಂದೀವ್ನಿ. ನಮ್ ತಂಗಿ ಕಿಬ್ಬನಳ್ಳೀಲಿ ಅವ್ಳೆ. ಇವ್ಳು ಅಲ್ಲೇ ಇದ್ಕೊಂಡು ನಿಮ್ ಸ್ಕೂಲಲ್ಲಿ ಓದ್ಲಿ ಅಂತ. ಸೀಟಿಲ್ಲ ಅಂದವ್ರೆ. ನಮ್ ವಿಶಾಲೂಗೆ ಒಂದ್ ಮಾತು ಹೇಳ್ತೀನಿ ಅಂದ್ರು ನಿಮ್ಮಪ್ಪೋರು."

ಅಪ್ಪ ನನಗೆ ಹೇಳಿರಲಿಲ್ಲ. ಹೇಗೆ ಹೇಳಿಯಾರು? ಬೇರೆ ಏನೂ ತೋಚದೆ ಇಬ್ಬರನ್ನೂ ಕರೆದುಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ತಾವು ಯಾರಮ್ಮ?"

ನಿಂಗಣ್ಣ ನನ್ನ ಪಕ್ಕದಲ್ಲೇ ನಿಂತಿದ್ದ. ತಿರುಗಿ ನೋಡದೆಯೇ ಅವನ ಮುಖ ನನಗೆ ಕಾಣುತ್ತಿತ್ತು. "ಹೆದ್ದಾರಿ ಪಕ್ಕ ಪ್ಲೇಟಿಂಗ್ ಶೆಡ್ಡಿದೆಯಲ್ಲ ಸಾರ್, ಅಲ್ಲಿ ಕೆಮಿಸ್ಟು. ಈ ಹುಡುಗಿ ನಮ್ಮೂರವಳು. ಚೆನ್ನಾಗಿ ಓದ್ತಾಳೆ. ಹೇಗಾದರೂ ಸೇರಿಸ್ಕೊಳ್ಳಿ" ಎಂದೆ. ಅವರು ಹುಡುಗಿಯ ಅಂಕಪಟ್ಟಿ ನೋಡಿ, ಎರಡು ಪ್ರಶ್ನೆ ಕೇಳಿ, ಸೇರಿಸಿಕೊಂಡರು. ಹೊರಗೆ ಬಂದ ಮೇಲೆ ನಿಂಗಣ್ಣ ಮಗಳನ್ನು ಮುಂದೆ ಬಿಟ್ಟು ನನ್ನ ಪಕ್ಕಕ್ಕೆ ಬಂದ.

"ಮತ್ತೆ ನಿಮ್ಮಪ್ಪೋರು..." ಎಂದ. ಆಮೇಲೆ ಅವನೇ "ಹೋಗ್ಲಿ ಬುಡವ್ವ, ಸೀಟು ಸಿಕ್ತಲ್ಲ" ಎಂದ.

ಅವನು ಚಾಡಿ ಹೇಳುವ ಜನವಲ್ಲ. ಆದರೆ ಸೀಟು ಹೇಗೆ ಸಿಕ್ಕಿತು ಎಂದು ಕೇಳಿದವರಿಗೆ ನಡೆದದ್ದನ್ನು ಹೇಳಿದ. ಊರಿಗೆ ಗೊತ್ತಾಯಿತು. ಹುಳಿಯಾರಿಗೂ ಗೊತ್ತಾಯಿತು. ಅಪ್ಪ ಬಿಳಿ ಪಂಚೆ ಉಟ್ಟು ಒಬ್ಬರೇ ಹುಳಿಯಾರಿಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ ನಮಗೆ ಹೇಳಲಿಲ್ಲ. ಚಪ್ಪಲಿ ಬಿಡುತ್ತಾ ಅಮ್ಮನಿಗೆ "ಮುಗೀತು" ಎಂದಷ್ಟೇ ಹೇಳಿದರು.

ನನಗೆ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಕಟ್ಟೆಯ ಮೇಲೆ ಕೂರುವುದನ್ನು ಮಾತ್ರ ಬಿಟ್ಟರು. ಸಂಜೆ ಆ ಹೊತ್ತಿಗೆ ತೋಟಕ್ಕೆ ಹೋಗಿ ಕತ್ತಲಾಗುವವರೆಗೂ ಗರಿ ಎಳೆದು ರಾಶಿ ಹಾಕುತ್ತಿದ್ದರು. ಪೇಟೆಗೆ ಹೋಗಬೇಕಾದರೆ ಕಟ್ಟೆಯ ಮುಂದೆ ಹಾಯದೆ ನಾಲೆಯ ಏರಿಯ ಮೇಲೆ ಸುತ್ತಿ ಹೋಗುತ್ತಿದ್ದರು. ಹೆಡ್‌ಮಾಸ್ಟರ ಮುಂದೆ ನಿಜ ಹೇಳಿದಾಗ ನನ್ನ ಎದೆಯ ಭಾರ ಇಳಿದಿತ್ತು. ಅದು ಯಾರ ಹೆಗಲ ಮೇಲೆ ಇಳಿಯಿತು ಎಂದು ಆ ಏರಿಯ ಮೇಲೆ ಅವರು ನಡೆದುಹೋಗುವುದನ್ನು ನೋಡಿದಾಗ ತಿಳಿಯಿತು. ಆ ವರ್ಷವೆಲ್ಲ ನಾನು ಅವರ ಎದುರು ಊಟಕ್ಕೆ ಕೂರಲಿಲ್ಲ.

ಕೆಲಸದಲ್ಲಿ ಮುಂದೆ ಎಷ್ಟೋ ಬದಲಾಯಿತು. ತೆಳು ಗ್ಲೋವ್ಸು ಬಂತು. ಬೆಳ್ಳಿಯ ಉಪ್ಪನ್ನು ಬಿಟ್ಟು ಪ್ಲಾಸ್ಟಿಕ್ಕಿಗೂ ಪಲ್ಲೇಡಿಯಂ ಬಳಸತೊಡಗಿದೆವು. ರುದ್ರಮ್ಮನನ್ನು ಮತ್ತೆ ಕರೆಯಲು ನಾನೇ ಅವಳ ಮನೆಗೆ ಹೋಗಿದ್ದೆ. "ತಲೆಗೆ ಬಟ್ಟೆ ಕಟ್ಟಿದರೆ ಸಾಕಂತೆ, ಎಣ್ಣೆ ಹಚ್ಚಬಹುದಂತೆ" ಎಂದೆ. "ನಂಗ್ ಬ್ಯಾಡ ಕಣವ್ವ. ನೀನು ಬೇಕಾದ್ರೆ ಮಾಡು" ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ಶೇಷಗಿರಿ ಕೊನೆಯವರೆಗೂ ಬಿಲ್ಲೆಯನ್ನು ನೀರಿಗೆ ಅದ್ದಿ ನೋಡುವುದನ್ನು ಬಿಡಲಿಲ್ಲ. ಅವರ ನಂತರ ನಾನೂ ಬಿಡಲಿಲ್ಲ. ನನ್ನ ಮದುವೆ ಬಹಳ ತಡವಾಗಿ, ತಿಪಟೂರಿನ ಒಬ್ಬ ಕಾಂಪೌಂಡರ ಜೊತೆ ಆಯಿತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಹೇಳಬೇಕಾದ್ದು ಇದಕ್ಕೆಲ್ಲ ಮೊದಲಿನ ಒಂದು ಭಾನುವಾರದ್ದು. ಹುಳಿಯಾರಿನದು ತಪ್ಪಿ ಬಹಳ ದಿನದ ಮೇಲೆ ಚಿಕ್ಕನಾಯಕನಹಳ್ಳಿ ಕಡೆಯಿಂದ ಇನ್ನೊಂದು ಸಂಬಂಧದವರು ಬಂದಿದ್ದರು. ನಾನು ಅಡಿಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದೆ. ಅವರು ಇನ್ನೂ ಚಾಪೆಯ ಮೇಲೆ ಕೂತಿರಲಿಲ್ಲ. ಅಪ್ಪನ ದನಿ ಕೇಳಿಸಿತು, ಬಾಗಿಲಿನಿಂದಲೇ.

"ಕೂತ್ಕೊಳ್ಳೋಕ್ ಮುಂಚೆ ಒಂದ್ ಮಾತು ಕಣ್ರೀ. ನನ್ ಮಗಳು ಸ್ಕೂಲ್ ಟೀಚರಲ್ಲ. ಕಿಬ್ಬನಳ್ಳಿ ಶೆಡ್ಡಲ್ಲಿ ಪ್ಲಾಸ್ಟಿಕ್ಕಿಗೆ, ಪಿಂಗಾಣಿಗೆ ಲೋಹ ಹಿಡಿಸ್ತಾಳೆ. ಬೆರಳು ಕಪ್ಪಗಿರ್ತವೆ. ಕಾಯ್ಲೆ ಅಲ್ಲ, ಬೆಳ್ಳಿ ಉಪ್ಪಿನ ಕಲೆ. ತಲೆಗೆ ಎಣ್ಣೆ ಹಚ್ಚಂಗಿಲ್ಲ. ಕೆಲ್ಸ ಬಿಡಾಕಿಲ್ಲ ಅಂತಾಳೆ, ನಾನೂ ಬಿಡು ಅನ್ನಾಕಿಲ್ಲ. ಒಪ್ಪೋದಾದ್ರೆ ಕೂತ್ಕೊಳ್ಳಿ."

ಬೆಳ್ಳಿಯ ಉಪ್ಪು ಎಂಬ ಮಾತನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಯಾರನ್ನು ಕೇಳಿ ತಿಳಿದುಕೊಂಡಿದ್ದರೋ, ಶೆಡ್ಡಿನವರೆಗೆ ಬಂದು ಹೋಗಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಒಬ್ಬರು ಕೆಮ್ಮಿದರು. ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು. "ಬರ್ತೀವಿ ಸ್ವಾಮಿ, ಇನ್ನೊಂದ್ ಕಡೆ ಹೋಗೋದಿತ್ತು" ಎಂದು ಒಂದು ದನಿ. ಗಾಡಿ ಹೊರಟಿತು.

ನಾನು ತಟ್ಟೆ ಹಿಡಿದುಕೊಂಡು ನಡುಮನೆಗೆ ಬಂದೆ. ಅದರಲ್ಲಿ ಆರು ಲೋಟ ಕಾಫಿ. ಅಪ್ಪ ಖಾಲಿ ಚಾಪೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನ ಮುಖ ನೋಡಿದರು, ಕೈ ಚಾಚಿದರು, ಒಂದು ಲೋಟ ತೆಗೆದುಕೊಂಡರು.

"ಕೂತ್ಕೋ. ಆರೋಗ್ತದೆ" ಎಂದರು.

ನಾನು ಅವರ ಎದುರಿಗೆ ಕೂತು ಇನ್ನೊಂದು ಲೋಟ ತೆಗೆದುಕೊಂಡೆ.